ಕೈಯಲ್ಲಿರುವ ಸಾಮಾನಿನಲ್ಲೇ ಮನೆ ಸಿಂಗಾರ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮನೆ ಸಿಂಗಾರ ಮಾಡೋದು ಅಂದರೆ ಮೊದಲು ಬಿಸಿಲು ಮತ್ತು ಧೂಳಿನ ಲೆಕ್ಕ ಹಾಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಬೈಲಿನಲ್ಲಿ ನೋಡಿ ತಂದ ಸ್ಟಿಕರ್, ಥರ್ಮೋಕೋಲ್, ಪ್ಲಾಸ್ಟಿಕ್ ಹೂವು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಸೊರಗಿ ಹೋಗುತ್ತವೆ. ನಮ್ಮಲ್ಲೇ ಸಿಗುವ ಹತ್ತಿ ಬಟ್ಟೆ, ಸುಣ್ಣ, ಕೆಮ್ಮಣ್ಣು, ಗೋಣಿ, ಹಗ್ಗ ಹಾಗಲ್ಲ. ಅವು ಈ ಹವೆಗೆ ಒಗ್ಗಿದವು. ಖರ್ಚೂ ಕಡಿಮೆ. ನೆರೆಹೊರೆಯವರು, ನೆಂಟರು, ಹೊಸದಾಗಿ ಸಂಸಾರ ಹೂಡಿದ ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಎಲ್ಲಿಂದ ಶುರು ಮಾಡಬೇಕು? ಮನೆ ತುಂಬ ಸಾಮಾನು, ನೋಡಿದರೇ ಬೇಸರ.

ತೆಗೆಯುವುದರಿಂದ ಶುರು ಮಾಡಿ. ಪಡಸಾಲೆಯ ಒಂದು ಗೋಡೆ ಆರಿಸಿಕೊಳ್ಳಿ. ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವ ಗೋಡೆ ಆದರೆ ಒಳ್ಳೆಯದು. ಹಳೆ ಕ್ಯಾಲೆಂಡರ್, ಮುರಿದ ಗಡಿಯಾರ, ಯಾವತ್ತೋ ಕೊಟ್ಟ ಶೀಲ್ಡು, ಒಣಗಿದ ಹಾರ, ಎಲ್ಲ ಇಳಿಸಿ. ಸುಮ್ಮನೆ ಹೊಡೆದು ಬಿಟ್ಟ ಮೊಳೆಗಳನ್ನು ಕಿತ್ತು, ತೂತಿಗೆ ವೈಟ್ ಸಿಮೆಂಟ್ ತುಂಬಿ. ಎರಡು ದಿನ ಆ ಗೋಡೆ ಬರಿದಾಗಿಯೇ ಇರಲಿ. ಆಮೇಲೆ ಅಲ್ಲಿ ಏನು ಬೇಕು, ಏನು ಬೇಡ ಅನ್ನೋದು ತಾನೇ ಗೊತ್ತಾಗುತ್ತದೆ. ಒಂದೇ ವಾರದಲ್ಲಿ ಇಡೀ ಮನೆಗೆ ಕೈ ಹಾಕಿದರೆ ಎಲ್ಲವೂ ಅರ್ಧಕ್ಕೆ ನಿಲ್ಲುತ್ತದೆ.

ಪೇಂಟ್ ಮಾಡಿಸುವಷ್ಟು ದುಡ್ಡಿಲ್ಲ. ಗೋಡೆ ಚೆಂದ ಕಾಣಲು ಏನು ಮಾಡಬಹುದು?

ಸುಣ್ಣ ಹಚ್ಚಿ. ನನ್ನನ್ನು ಕೇಳಿದರೆ ಇದಕ್ಕಿಂತ ಅಗ್ಗದ, ಇದಕ್ಕಿಂತ ತಂಪಾದ ಬಣ್ಣ ನಮ್ಮ ಕಡೆಗೆ ಇಲ್ಲ. ಹಬ್ಬಕ್ಕೆ ಮುಂಚೆ ಸಾರಣೆ-ಕಾರಣೆ ಮಾಡುವ ರೂಢಿ ನಮ್ಮ ಹಿರಿಯರಿಗೆ ಇದ್ದೇ ಇತ್ತಲ್ವಾ? ಅದನ್ನೇ ಸ್ವಲ್ಪ ಅಚ್ಚುಕಟ್ಟಾಗಿ ಮಾಡಿದರೆ ಸಾಕು.

ಸುಟ್ಟ ಸುಣ್ಣದ ಹರಳು ತನ್ನಿ. ಕಬ್ಬಿಣದ ಅಥವಾ ಮಣ್ಣಿನ ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ, ಅದಕ್ಕೆ ಹರಳನ್ನು ಸ್ವಲ್ಪ ಸ್ವಲ್ಪವೇ ಬಿಡಿ. ನೀರು ಕೊತ ಕೊತ ಕುದಿಯುತ್ತದೆ, ಹಬೆ ಏಳುತ್ತದೆ. ಹಾಗಾಗಿ ತೆಳು ಪ್ಲಾಸ್ಟಿಕ್ ಬಕೆಟ್ ಬೇಡ. ಅಲ್ಯುಮಿನಿಯಂ ಪಾತ್ರೆಯೂ ಬೇಡ, ಸುಣ್ಣ ಅದನ್ನು ತಿಂದು ಹಾಕುತ್ತದೆ. ಮಕ್ಕಳನ್ನು ದೂರ ಕಳಿಸಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲೇಬೇಕು. ಕಣ್ಣಿಗೆ ಸಿಡಿದರೆ ತಡಮಾಡದೆ ತುಂಬಾ ಹೊತ್ತು ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು.

ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ ನೆನೆಯಲಿ. ಹಳೆ ಪಂಚೆಯಲ್ಲಿ ಸೋಸಿ. ಹಾಲಿನಷ್ಟು ತೆಳುವಾಗಬೇಕು. ನೆನೆಸಿದ ಗೋಂದಿನ ನೀರು ಸ್ವಲ್ಪ ಬೆರೆಸಿದರೆ ಗೋಡೆ ಮುಟ್ಟಿದಾಗ ಕೈಗೆ ಪುಡಿ ಅಂಟುವುದು ಕಡಿಮೆ. ಬಿಳುಪು ಎದ್ದು ಕಾಣಲಿ ಅಂದರೆ ಬಟ್ಟೆಗೆ ಹಾಕುವ ನೀಲಿ ಎರಡು ಚಿಟಿಕೆ.

ಗೋಡೆಗೆ ನೀರು ಚಿಮುಕಿಸಿ, ತೇವ ಇರುವಾಗಲೇ ಹಚ್ಚಿ. ಮೊದಲ ಕೈ ಹಚ್ಚಿದಾಗ ನೀರು ಬಳಿದ ಹಾಗೆ ಕಾಣುತ್ತದೆ, ಏನೂ ಆಗಿಲ್ಲ ಅನಿಸುತ್ತದೆ. ಗಾಬರಿ ಬೇಡ. ಸುಣ್ಣ ಒಣಗುತ್ತಾ ಬಿಳಿಯಾಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದಕ್ಕೇ ದಪ್ಪಗೆ ಒಂದು ಸಲ ಹಚ್ಚುವ ಬದಲು ತೆಳ್ಳಗೆ ಮೂರು ಸಲ ಹಚ್ಚಬೇಕು. ದಪ್ಪ ಹಚ್ಚಿದರೆ ಹಪ್ಪಳ ಎದ್ದ ಹಾಗೆ ಏಳುತ್ತದೆ. ಮಟಮಟ ಮಧ್ಯಾಹ್ನ ಹಚ್ಚಬೇಡಿ, ಬೇಗ ಒಣಗಿ ಉದುರುತ್ತದೆ. ಬೆಳಗ್ಗೆ ಅಥವಾ ಸಂಜೆ ಹೊತ್ತು ಸರಿ.

ಗೋಡೆಗೆ ಈಗಾಗಲೇ ಆಯಿಲ್ ಪೇಂಟ್ ಅಥವಾ ಎಮಲ್ಷನ್ ಇದ್ದರೆ ಸುಣ್ಣ ಹಿಡಿಯುವುದಿಲ್ಲ. ಕೆರೆದು ತೆಗೆಯದೆ ಹಚ್ಚಿದರೆ ಶ್ರಮ ವ್ಯರ್ಥ.

ಮಿಕ್ಕ ಸುಣ್ಣವನ್ನು ಚೆಲ್ಲಬೇಡಿ. ಮಾಳಿಗೆ ಮೇಲೆ ಹಚ್ಚಿ. ಬಿಳಿ ಮಾಳಿಗೆ ಬಿಸಿಲನ್ನು ವಾಪಸ್ ಕಳಿಸುತ್ತದೆ, ಕೆಳಗಿನ ಕೋಣೆ ಅಷ್ಟರಮಟ್ಟಿಗೆ ತಂಪು.

ಬರೀ ಬಿಳಿ ಸಾಕಾಗುವುದಿಲ್ಲ. ಬಣ್ಣ ಬೆರೆಸಬಹುದಾ?

ಬೆರೆಸಬಹುದು, ಆದರೆ ಸುಣ್ಣದ ಜೊತೆ ಎಲ್ಲ ಬಣ್ಣವೂ ನಿಲ್ಲುವುದಿಲ್ಲ. ಮಣ್ಣಿನ ಬಣ್ಣ ನಿಲ್ಲುತ್ತದೆ. ಕೆಮ್ಮಣ್ಣು ಜರಡಿ ಹಿಡಿದು ಬೆರೆಸಿದರೆ ತಿಳಿ ಗುಲಾಬಿ, ಜಾಸ್ತಿ ಹಾಕಿದರೆ ಇಟ್ಟಿಗೆ ಬಣ್ಣ. ಅಂಗಡಿಯ ರೆಡ್ ಆಕ್ಸೈಡ್ ಪುಡಿಯೂ ಆಗುತ್ತದೆ. ಅಡುಗೆ ಮನೆಯ ಅರಿಶಿನ ಮಾತ್ರ ಬೇಡ. ಸುಣ್ಣಕ್ಕೆ ಅರಿಶಿನ ಬಿದ್ದರೆ ಕೆಂಪಾಗುತ್ತದೆ, ಓಕುಳಿ ನೀರು ಮಾಡುವವರಿಗೆ ಇದು ಗೊತ್ತೇ ಇದೆ. ಆ ಕೆಂಪೂ ಬಿಸಿಲಿಗೆ ಹಾರಿ ಹೋಗುತ್ತದೆ.

ನನಗೆ ಬಹಳ ಇಷ್ಟವಾದದ್ದು ಹಳೆ ಪದ್ಧತಿಯೇ: ಮೇಲೆ ಬಿಳಿ ಸುಣ್ಣ, ಕೆಳಗೆ ನೆಲಕ್ಕೆ ಹೊಂದಿಕೊಂಡು ಒಂದು ಗೇಣು ಕೆಮ್ಮಣ್ಣಿನ ಪಟ್ಟಿ. ನೆಲ ಒರೆಸುವಾಗ ಗೋಡೆಗೆ ತಾಗುವ ಕೊಳೆ ಅದರಲ್ಲಿ ಕಾಣುವುದಿಲ್ಲ. ಪಟ್ಟಿಯ ಮೇಲಂಚು ನೇರ ಬರಲು ಕೆಮ್ಮಣ್ಣಿನ ಪುಡಿ ಸವರಿದ ದಾರವನ್ನು ಎರಡು ಕಡೆ ಬಿಗಿ ಹಿಡಿದು ಒಮ್ಮೆ ಮೀಟಿ. ಗೆರೆ ತಾನೇ ಬೀಳುತ್ತದೆ. ಗೋಡೆಯಲ್ಲಿ ಗೂಡು ಇದ್ದರೆ ಅದರ ಸುತ್ತಲೂ ಇದೇ ಬಣ್ಣದ ಒಂದು ಅಂಚು ಎಳೆಯಿರಿ, ಒಳಗೆ ಒಂದು ಹಿತ್ತಾಳೆ ತಂಬಿಗೆ ಇಡಿ. ಬೇರೆ ಏನೂ ಬೇಕಿಲ್ಲ.

ಬಾಡಿಗೆ ಮನೆ. ಮೊಳೆ ಹೊಡೆಯಲು ಓನರ್ ಒಪ್ಪುವುದಿಲ್ಲ. ಗೋಡೆಗೆ ಹಾಕುವುದು ಹೇಗೆ?

ಎರಡೂ ಕಡೆ ಅಂಟುವ ಟೇಪ್ ನಂಬಬೇಡಿ. ಸುಣ್ಣ, ಡಿಸ್ಟೆಂಪರ್ ಗೋಡೆಗೆ ಅದು ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಅಂಟು ಕರಗಿ ಫ್ರೇಮ್ ಕೆಳಗೆ ಬೀಳುತ್ತದೆ. ಮನೆಯಲ್ಲಿ ಮೊದಲೇ ಇರುವ ಹಿಡಿಕೆ ಹುಡುಕಿ. ಕಿಟಕಿಯ ಸರಳು, ಸಜ್ಜೆಯ ಅಂಚು, ಪರದೆ ಕಂಬಿ, ತೊಟ್ಟಿಲು ಕಟ್ಟುವ ಕೊಂಡಿ, ಹಳೆ ಮನೆಯಾದರೆ ಜಂತಿ. ಅಲ್ಲಿಂದ ಗಟ್ಟಿ ಹುರಿ ಇಳಿಬಿಟ್ಟು, ತುದಿಗೆ ಒಂದು ಬಿದಿರು ಕೋಲು ಅಡ್ಡ ಕಟ್ಟಿ. ಆ ಕೋಲಿಗೆ ಬಟ್ಟೆ, ಫೋಟೊ, ಮಕ್ಕಳ ಚಿತ್ರ ಏನು ಬೇಕಾದರೂ ತೂಗುಹಾಕಬಹುದು. ಇಲ್ಲವೇ ಫ್ರೇಮುಗಳನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಡಿ. ಮನೆ ಬಿಡುವಾಗ ಗೋಡೆ ಇದ್ದ ಹಾಗೇ ಇರುತ್ತದೆ.

ಅಮ್ಮನ ಹಳೆ ಇಳಕಲ್ ಸೀರೆ ಹರಿದಿದೆ. ಎಸೆಯಲು ಮನಸ್ಸಿಲ್ಲ.

ಎಸೆಯಬೇಡಿ! ಇಳಕಲ್ ಸೀರೆಯಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಒಡಲು. ಸೆರಗು ಗಟ್ಟಿಯಾಗಿ ಉಳಿದಿರುತ್ತದೆ. ತೋಪುತೆನಿ ಅನ್ನುವ ಕೆಂಪು-ಬಿಳಿ ವಿನ್ಯಾಸದ ಸೆರಗು ಗೋಡೆಗೆ ಹಾಕಿದರೆ ಕೊಂಡು ತಂದ ಯಾವ ಚಿತ್ರವೂ ಅದರ ಮುಂದೆ ನಿಲ್ಲುವುದಿಲ್ಲ.

ಕತ್ತರಿಸುವ ಮುಂಚೆ ಒಂದು ಮಾತು. ಸೆರಗು ಮತ್ತು ಒಡಲು ಸೇರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಇಳಕಲ್ ನೇಕಾರರ ಕೈಚಳಕ ಇರುವುದೇ ಅಲ್ಲಿ. ಆ ಗೆರೆಯ ಮೇಲೆ ಕತ್ತರಿ ಆಡಿಸಬೇಡಿ. ಒಡಲಿನ ಕಡೆ ನಾಲ್ಕು ಬೆರಳು ಜಾಗ ಬಿಟ್ಟು ಕತ್ತರಿಸಿ, ಅಂಚು ಮಡಚಿ ಹೊಲಿಯಿರಿ. ಜೋಡಣೆಯೂ ಉಳಿಯುತ್ತದೆ, ನೋಡಲೂ ಚೆಂದ. ಮೇಲಿನ ಅಂಚಿನಲ್ಲಿ ಕೋಲು ತೂರುವಷ್ಟು ಅಗಲದ ಮಡಿಕೆ ಹೊಲಿದರೆ ಫ್ರೇಮ್ ಖರ್ಚೂ ಇಲ್ಲ.

ಬಿಸಿಲು ನೇರ ಬೀಳುವ ಗೋಡೆಗೆ ಹಾಕಬೇಡಿ, ಬಣ್ಣ ಹಾರುತ್ತದೆ. ಒಡಲಿನ ಗಟ್ಟಿ ಭಾಗದಿಂದ ದಿಂಬಿನ ಕವರ್, ಅಂಚಿನಿಂದ ಪರದೆಗೆ ಪಟ್ಟಿ. ಹಳೆ ಖಣದ ಕುಪ್ಪಸ ಇದ್ದರೆ ಬೆನ್ನಿನ ಭಾಗ ಕತ್ತರಿಸಿ ಹಳೆ ಫೋಟೊ ಫ್ರೇಮಿಗೆ ಹಾಕಿ. ಮೂರು ಬಣ್ಣದ ಮೂರು ಖಣ ಸಾಲಾಗಿ ಇಟ್ಟರೆ ಪಡಸಾಲೆಗೆ ಬೇರೇನೂ ಬೇಡ.

ಉಳಿದ ತುಂಡುಗಳು? ಅವು ಕೌದಿಗೆ, ಅಂದರೆ ಹಳೆ ಬಟ್ಟೆ ತುಂಡು ಜೋಡಿಸಿ ಹೊಲಿಯುವ ಹೊದಿಕೆಗೆ.

ಕೌದಿ ಹೊಲಿಯುವುದು ನನಗೆ ಬರುವುದಿಲ್ಲ. ಕಲಿಯಬಹುದಾ?

ಖಂಡಿತ ಕಲಿಯಬಹುದು. ಹಾಸಿಗೆ ಅಳತೆಯ ಕೌದಿಗೆ ಹೋಗಬೇಡಿ. ಎರಡು ಅಡಿ ಅಗಲ, ಮೂರು ಅಡಿ ಉದ್ದದ್ದು ಮಾಡಿ. ಗೋಡೆಗೂ ಆಗುತ್ತದೆ, ಕುರ್ಚಿ ಮೇಲೂ ಹಾಸಬಹುದು.

ಮೊದಲು ಬಟ್ಟೆ ಆರಿಸುವುದು. ಹತ್ತಿ ಬಟ್ಟೆಯೇ ಬೇಕು. ಸಿಂಥೆಟಿಕ್ ಸೀರೆ ಜಾರುತ್ತದೆ, ಸೂಜಿಗೆ ಸಿಗುವುದಿಲ್ಲ, ಬೇಸಿಗೆಯಲ್ಲಿ ಮುಟ್ಟಲೂ ಆಗುವುದಿಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಪ್ರತಿ ತುಂಡನ್ನೂ ಒರೆಸಿ ನೋಡಿ. ಬಣ್ಣ ಬಿಟ್ಟರೆ ಅದು ಬೇಡ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಇಡೀ ಕೌದಿ ಹಾಳು.

ಕೆಳಗೆ ಒಂದು ಅಖಂಡ ಬಟ್ಟೆ, ಹಳೆ ಸೀರೆ ಅಥವಾ ಪಂಚೆ. ಅದರ ಮೇಲೆ ಎರಡು ಪದರ ಮೆತ್ತನೆಯ ಹಳೆ ಬಟ್ಟೆ. ಸುಕ್ಕು ಬರದಂತೆ ಹಾಸಿ, ನಾಲ್ಕು ಕಡೆ ಭಾರ ಇಟ್ಟು, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ. ಹೊಲಿಯದೆ ಸುಮ್ಮನೆ ಜೋಡಿಸಿ, ಎದ್ದು ನಿಂತು ದೂರದಿಂದ ನೋಡಿ. ಕಪ್ಪು, ಕಡುಗೆಂಪು ಎಲ್ಲ ಒಂದೇ ಕಡೆ ಸೇರಿಕೊಂಡಿದ್ದರೆ ಬದಲಿಸಿ. ಈ ಹೊತ್ತಿನಲ್ಲಿ ಅವಸರ ಬೇಡ. ಕೌದಿಯ ಚೆಲುವು ತೀರ್ಮಾನ ಆಗುವುದೇ ಇಲ್ಲಿ.

ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಹೊರ ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬನ್ನಿ. ಮೇಲೊಂದು ಕೆಳಗೊಂದು ಹೋಗುವ ಸಾದಾ ಹೊಲಿಗೆ ಅಷ್ಟೇ. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ದಪ್ಪ ಹತ್ತಿ ದಾರ, ಉದ್ದ ಸೂಜಿ. ದಾರವನ್ನು ಜಾಸ್ತಿ ಬಿಗಿ ಎಳೆಯಬೇಡಿ, ಬಟ್ಟೆ ಮುದುಡುತ್ತದೆ. ಹೊಲಿಗೆ ಸ್ವಲ್ಪ ಸೊಟ್ಟ ಆದರೆ ಆಗಲಿ, ಕೈಹೊಲಿಗೆಯ ಕಳೆ ಅದರಲ್ಲೇ ಇದೆ. ಮನೆಯಲ್ಲಿ ಅಜ್ಜಿ, ದೊಡ್ಡಮ್ಮ ಯಾರಿಗಾದರೂ ಕೌದಿ ಹೊಲಿದು ರೂಢಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೂಲೆಯಲ್ಲಿ ಹೊಲಿಗೆ ತಿರುಗಿಸುವುದು ಹೇಗೆ ಅನ್ನೋದು ಓದಿ ಬರುವುದಿಲ್ಲ, ಅವರ ಕೈ ನೋಡಿಯೇ ಕಲಿಯಬೇಕು.

ಊರಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಇದ್ದರೆ, ಬಟ್ಟೆ ಕೊಟ್ಟು ಹೊಲಿಸಿಕೊಳ್ಳುವುದೂ ಒಳ್ಳೆಯದೇ. ಕೂಲಿಗೆ ಚೌಕಾಶಿ ಮಾಡಬೇಡಿ. ಅದು ದಿನಗಟ್ಟಲೆ ಬೆನ್ನು ಬಗ್ಗಿಸಿ ಮಾಡುವ ಕೆಲಸ.

ಕನ್ನಡಿ ಕೆಲಸದ ಬಟ್ಟೆ ನಾವೇ ಮಾಡಬಹುದಾ?

ಸಣ್ಣ ಕನ್ನಡಿ ಚೂರನ್ನು ಬಟ್ಟೆಗೆ ಅಂಟಿಸಿ ಸುತ್ತ ದಾರ ಹೊಲಿಯುವುದು ಕಷ್ಟವಲ್ಲ, ದಿಂಬಿನ ಕವರಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಸಂಡೂರಿನ ಲಂಬಾಣಿ ಕಸೂತಿಯ ಮಾತೇ ಬೇರೆ. ಅದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಅಮ್ಮನಿಂದ ಮಗಳಿಗೆ ಬಂದ ಹೊಲಿಗೆಗಳು ಅವು. ಅದನ್ನು ನಕಲು ಮಾಡಲು ಹೋಗುವ ಬದಲು ಅವರಿಂದಲೇ ಒಂದು ಚಿಕ್ಕ ತುಂಡು ಕೊಂಡು, ನೀವು ಹೊಲಿದ ಸಾದಾ ಬಟ್ಟೆಯ ನಡುವೆ ಕೂರಿಸಿ.

ಹಳೆ ಜೀನ್ಸ್ ಪ್ಯಾಂಟಿಂದ ಏನು ಮಾಡಬಹುದು?

ಬಳ್ಳಾರಿಯವರು ಇದನ್ನು ಕೇಳಲೇಬೇಕು, ಜೀನ್ಸ್ ಹೊಲಿಗೆಗೆ ಹೆಸರಾದ ಊರಲ್ಲವೇ. ಹಿಂದಿನ ಜೇಬುಗಳನ್ನು ಸುತ್ತ ಒಂದು ಬೆರಳು ಬಟ್ಟೆ ಬಿಟ್ಟು ಕತ್ತರಿಸಿ. ಆರು ಜೇಬನ್ನು ಒಂದು ದಪ್ಪ ಬಟ್ಟೆ ಮೇಲೆ ಎರಡು ಸಾಲು ಹೊಲಿದು ಬಾಗಿಲ ಹಿಂದೆ ತೂಗುಹಾಕಿ. ಕರೆಂಟ್ ಬಿಲ್, ಕೀಲಿ, ಕತ್ತರಿ, ಮಾತ್ರೆ ಚೀಟಿ, ಮೊಬೈಲ್ ಚಾರ್ಜರ್ ಎಲ್ಲಕ್ಕೂ ಜಾಗ ಆಯಿತು. ಮನೆ ಹೊಲಿಗೆ ಮಷಿನ್‌ನಲ್ಲಿ ದಪ್ಪ ಸೂಜಿ ಹಾಕಿ, ನಿಧಾನ ಹೊಲಿಯಿರಿ. ಕಾಲಿನ ಭಾಗವನ್ನು ಉದ್ದುದ್ದ ಪಟ್ಟಿ ಮಾಡಿ ಜಡೆ ಹೆಣೆದು, ಸುತ್ತಿ ಹೊಲಿದರೆ ಕಾಲೊರೆಸು. ಅದು ಬಾಳಿಕೆ ಬರುವಷ್ಟು ಅಂಗಡಿಯದ್ದು ಬರುವುದಿಲ್ಲ.

ಗೋಣಿಚೀಲ ಒಳಗೆ ಇಟ್ಟರೆ ಮನೆ ಗೋದಾಮಿನ ಹಾಗೆ ಕಾಣುವುದಿಲ್ಲವಾ?

ಹಾಗೇ ತಂದು ಇಟ್ಟರೆ ಕಾಣುತ್ತದೆ. ತೊಳೆದು, ಅಂಚು ಕಟ್ಟಿದರೆ ಇಲ್ಲ. ಈಗ ಅಕ್ಕಿ ಜಾಸ್ತಿ ಪ್ಲಾಸ್ಟಿಕ್ ಚೀಲದಲ್ಲೇ ಬರುತ್ತದೆ. ಆದರೂ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಅಕ್ಕಿ ಗಿರಣಿಗಳ ಸುತ್ತ, ಕಿರಾಣಿ ಅಂಗಡಿಗಳಲ್ಲಿ ವಿಚಾರಿಸಿದರೆ ಸೆಣಬಿನ ಹಳೆ ಚೀಲ ಸಿಗುತ್ತವೆ. ಗೊಬ್ಬರ, ಔಷಧಿ ತುಂಬಿದ್ದ ಚೀಲ ಮಾತ್ರ ಬೇಡವೇ ಬೇಡ.

ಚೆನ್ನಾಗಿ ಕೊಡವಿ, ಸೋಪಿನ ನೀರಲ್ಲಿ ನೆನೆಸಿ ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ. ನುಸಿ, ವಾಸನೆ ಎರಡೂ ಹೋಗುತ್ತವೆ. ಕತ್ತರಿಸಿದ ಕೂಡಲೇ ಎಳೆ ಬಿಡುತ್ತದೆ, ಹಾಗಾಗಿ ಕತ್ತರಿಸುವ ಗೆರೆಯ ಎರಡೂ ಕಡೆ ಮೊದಲೇ ಹೊಲಿಗೆ ಹಾಕಿ. ಅಂಚಿಗೆ ಹಳೆ ಸೀರೆಯ ಪಟ್ಟಿ ಕಟ್ಟಿದರೆ ಮೇಜಿನ ಹಾಸು ಸಿದ್ಧ. ಹೂವಿನ ಕುಂಡಕ್ಕೆ, ಹಳೆ ಡಬ್ಬಿಗೆ ಸುತ್ತಿ ಸುತಳಿ ಕಟ್ಟಬಹುದು.

ಬೇಸಿಗೆಗೆ ಇನ್ನೊಂದು ಉಪಯೋಗ ಇದೆ. ಪಶ್ಚಿಮದ ಕಿಟಕಿಗೆ ಗೋಣಿತಟ್ಟಿನ ಪರದೆ ಕಟ್ಟಿ ಮಧ್ಯಾಹ್ನ ನೀರು ಚಿಮುಕಿಸಿ. ನಮ್ಮದು ಒಣ ಹವೆ, ನೀರು ಬೇಗ ಆವಿಯಾಗುತ್ತದೆ, ಒಳಗೆ ಬರುವ ಗಾಳಿ ತಂಪಾಗುತ್ತದೆ. ರಾತ್ರಿ ಬಿಚ್ಚಿ ಒಣಗಿಸಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.

ಯಾವುದಕ್ಕೆ ಯಾವ ಅಂಟು?

ಕಾಗದಕ್ಕೆ ಮೈದಾ ಅಂಟು. ಮರಕ್ಕೆ, ದಪ್ಪ ಬಟ್ಟೆಗೆ ಫೆವಿಕಾಲ್. ಒಡೆದ ಕುಂಡಕ್ಕೆ, ಲೋಹಕ್ಕೆ ಎಂ-ಸೀಲ್.

ಹುಣಸೆ ಬೀಜದ ಅಂಟನ್ನೂ ಒಮ್ಮೆ ಮಾಡಿ ನೋಡಿ. ಕೊಪ್ಪಳಕ್ಕೆ ಹತ್ತಿರದ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳಿಗೆ ಬಳಸುವುದು ಇದನ್ನೇ. ಬೀಜ ಹುರಿದು, ಕೆಂಪು ಸಿಪ್ಪೆ ತೆಗೆದು, ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ. ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿದರೆ ಗಂಜಿಗಿಂತ ಗಟ್ಟಿಯಾಗುತ್ತದೆ. ಹಳೆ ಪೇಪರ್ ಚೂರು ನೆನೆಸಿ ಅರೆದು ಈ ಅಂಟಿನಲ್ಲಿ ಕಲಸಿ, ಬಟ್ಟಲಿನ ಹೊರಮೈಗೆ ಎಣ್ಣೆ ಸವರಿ ಅದರ ಮೇಲೆ ಮೆತ್ತಿ. ಒಣಗಿದ ಮೇಲೆ ಬಿಡಿಸಿದರೆ ಹಗುರವಾದ ತಟ್ಟೆ. ಬಣ್ಣ ಹಚ್ಚಿ ಗೋಡೆಗೆ ಹಾಕಬಹುದು. ಅಂಟು ಎರಡು ದಿನಕ್ಕೆ ಹಳಸುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ.

ಮೈದಾ, ಹುಣಸೆ ಅಂಟಿಗೆ ಜಿರಲೆ, ಇರುವೆ ಬರುತ್ತವೆ. ಪುಸ್ತಕ ಬೈಂಡ್ ಮಾಡುವವರು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಅದರ ಗೊಡವೆ ಬೇಡ, ಚೆನ್ನಾಗಿ ಒಣಗಿಸಿ ಮೇಲೆ ವಾರ್ನಿಷ್ ಹಚ್ಚಿದರೆ ಸಾಕು.

ಗಿಡ ಇಡಲು ಜಾಗ ಇಲ್ಲ.

ನೆಲುವು ಕಟ್ಟಿ. ಬೆಕ್ಕಿಗೆ ಸಿಗದ ಹಾಗೆ ಹಾಲು ಮೊಸರಿನ ಗಡಿಗೆ ಇಡುತ್ತಿದ್ದ ಆ ಹಗ್ಗದ ನೆಲುವೇ. ಇವತ್ತು ಅಂಗಡಿಯಲ್ಲಿ ಮ್ಯಾಕ್ರಮೆ ಅಂತ ದುಬಾರಿಗೆ ಮಾರುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಎಂಟು ಹುರಿ ತುದಿಯಲ್ಲಿ ಗಂಟು ಹಾಕಿ, ಎರಡೆರಡನ್ನು ಸೇರಿಸಿ ಗಂಟು, ಆಮೇಲೆ ಪಕ್ಕದ ಜೋಡಿಯಿಂದ ಒಂದೊಂದು ತೆಗೆದು ಮತ್ತೆ ಗಂಟು. ಬಲೆಯ ಹಾಗೆ ಆಗುತ್ತದೆ, ಕುಂಡ ಅದರಲ್ಲಿ ಕೂರುತ್ತದೆ. ಆನೆಗೊಂದಿಯಲ್ಲಿ ಬಾಳೆ ನಾರಿನಿಂದ ಹೆಣ್ಣುಮಕ್ಕಳು ಚೀಲ, ಬುಟ್ಟಿ ಹೆಣೆಯುತ್ತಾರೆ. ಆ ಕಡೆ ಹೋದಾಗ ಬಾಳೆ ನಾರಿನ ಹುರಿ ಸಿಕ್ಕರೆ ತನ್ನಿ, ಬಣ್ಣ ಬಹಳ ಚೆಂದ.

ಬಾಟಲಿಯಲ್ಲಿ ಮನಿಪ್ಲಾಂಟ್ ಇಟ್ಟವರು ವಾರಕ್ಕೊಮ್ಮೆ ನೀರು ಬದಲಿಸಿ, ಬಾಟಲಿ ಒಳಗೆ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ.

ಹಬ್ಬಕ್ಕೆ ಥರ್ಮೋಕೋಲ್ ಬಿಟ್ಟು ಬೇರೆ ಏನು?

ಜೋಳದ ತೆನೆ. ಸುಗ್ಗಿ ಹೊತ್ತಿನಲ್ಲಿ ಹೊಲದವರ ಹತ್ತಿರ ದಂಟಿನ ಸಮೇತ ಒಂದು ಹಿಡಿ ಕೇಳಿ ತನ್ನಿ. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಗೊಂಚಲು ಕಟ್ಟಿ ಬಾಗಿಲ ಎರಡೂ ಕಡೆ ತೂಗುಹಾಕಿ. ಗುಬ್ಬಿ ಬಂದು ತಿಂದರೆ ತಿನ್ನಲಿ. ಹೊರಗಿನ ಕಟ್ಟೆಗೆ ಇದು ಚೆಂದ, ಒಳಗೆ ಬೇಡ, ಇಲಿ ಬರುತ್ತವೆ. ಚೆಂಡುಹೂವು, ಮಾವಿನೆಲೆ ಹೇಗೂ ಇದ್ದೇ ಇವೆ.

ಲೈಟಿಗೆ ಕಾಗದದ ಬುಟ್ಟಿ ಮಾಡಿ ಹಾಕಬಹುದಾ?

ಎಲ್‌ಇಡಿ ಬಲ್ಬ್ ಆದರೆ, ಬಲ್ಬಿಗೆ ತಾಗದಂತೆ ಒಂದು ಗೇಣು ದೂರ ಇದ್ದರೆ ಆಗಬಹುದು. ಹಳೆ ಹಳದಿ ಬಲ್ಬ್ ಬಹಳ ಬಿಸಿಯಾಗುತ್ತದೆ, ಅದಕ್ಕೆ ಕಾಗದ, ಬಟ್ಟೆ, ಗೋಣಿ ಯಾವುದೂ ಸುತ್ತಬೇಡಿ. ಈಚಲ ಬುಟ್ಟಿ ಬೋರಲು ಹಾಕಿದರೆ ಗೋಡೆ ಮೇಲೆ ನೆರಳಿನ ಚಿತ್ತಾರ ಬೀಳುತ್ತದೆ. ವೈರಿನ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

500 ರೂಪಾಯಿ ಇದೆ. ಯಾವುದಕ್ಕೆ ಖರ್ಚು ಮಾಡಲಿ?

ಸಾಮಾನಿಗಿಂತ ಮೊದಲು ಸಲಕರಣೆಗೆ. ಒಂದು ಒಳ್ಳೆಯ ಕತ್ತರಿ, ಬಟ್ಟೆಗೆ ಮಾತ್ರ ಬಳಸುವಂಥದ್ದು. ದಪ್ಪ ಹತ್ತಿ ದಾರ, ಉದ್ದ ಸೂಜಿ. ಉಳಿದರೆ ಸುಣ್ಣ ಮತ್ತು ಬ್ರಶ್. ಬಟ್ಟೆ, ಬಾಟಲಿ, ಗೋಣಿ, ಡಬ್ಬಿ ಎಲ್ಲ ಮನೆಯಲ್ಲೇ ಇದೆ, ಇಲ್ಲದಿದ್ದರೆ ಗುಜರಿ ಅಂಗಡಿಯಲ್ಲಿದೆ. ಮುಂದಿನ ಸಲ ಕೈಯಲ್ಲಿ ಸ್ವಲ್ಪ ದುಡ್ಡು ಸೇರಿದಾಗ ಕಿನ್ನಾಳಕ್ಕೆ ಹೋಗಿ ಮಾಡಿದವರ ಕೈಯಿಂದಲೇ ಒಂದು ಗೊಂಬೆ ತನ್ನಿ. ಚಿಕ್ಕದಾದರೂ ಸರಿ.

ಗೋಡೆಗೆ ಹಾಕಿದ ಕೌದಿ, ಸೆರಗು ಧೂಳಾಗುತ್ತವಲ್ಲ, ಹೇಗೆ ಸ್ವಚ್ಛ ಮಾಡುವುದು?

ವಾರಕ್ಕೊಮ್ಮೆ ಇಳಿಸಿ ಅಂಗಳದಲ್ಲಿ ಕೊಡವಿ, ಹಿಂದು ಮುಂದು ಎರಡೂ ಕಡೆ. ಗಣಿ ಲಾರಿ ಓಡಾಡುವ ರಸ್ತೆ ಪಕ್ಕದ ಮನೆಯಾದರೆ ವಾರಕ್ಕೆ ಎರಡು ಸಲ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕೆಂಪು ಧೂಳು ನೀರು ಕುಡಿದರೆ ಕಲೆಯಾಗಿ ಕೂರುತ್ತದೆ. ಮೊದಲು ಒಣ ಧೂಳು ಪೂರ್ತಿ ಹೋಗಬೇಕು, ಆಮೇಲೆ ನೀರು. ಕೌದಿಯನ್ನು ವರ್ಷಕ್ಕೆ ಒಂದೆರಡು ಸಲ ತಣ್ಣೀರಲ್ಲಿ, ಸೌಮ್ಯ ಸೋಪಿನಲ್ಲಿ ಒಗೆದು, ಹಿಂಡದೆ, ನೆರಳಲ್ಲಿ ಅಗಲವಾಗಿ ಹರವಿ ಒಣಗಿಸಿ. ಸೆರಗನ್ನು ಬೇರೆಯಾಗಿಯೇ ಒಗೆಯಿರಿ, ಅದರ ಕೆಂಪು ಮೊದಲ ಕೆಲವು ಸಲ ಬಣ್ಣ ಬಿಡಬಹುದು.